ಎಂದಿಗಿಂತ ತುಸು ತಡವಾಗಿ

ಲುಬ್ಲಿನ್ನಿನ ನಮ್ಮ ಟೀವಿಯಲ್ಲಿ ಆಗೆಲ್ಲ
ಹೊರನಾಡ ಚಿತ್ರಕ್ಕೆ ಒಂದೇ ದನಿ.
ನಾಯಕಿ, ಪೊಲೀಸು, ಅಳುವ ಕೂಸು,
ಎಲ್ಲರ ಮಾತನ್ನೂ ಬೊಗುಮಿಲನೊಬ್ಬನೇ
ದಿನಸಿ ಚೀಟಿಯಂತೆ ಓದುತ್ತಿದ್ದ.

ಆ ರಾತ್ರಿ, ರೈಲು ನಿಲ್ದಾಣದಲ್ಲಿ,
ಒಬ್ಬ ಇನ್ನೊಬ್ಬನ ಕೋಟಿನ ಗುಂಡಿ ಹಾಕುತ್ತ
ಏನೋ ಅಂದ.
ಬೊಗುಮಿಲ ಗಂಟಲು ಸರಿಮಾಡಿಕೊಂಡು
ಎಂದಿಗಿಂತ ತುಸು ತಡವಾಗಿ ಓದಿದ:
'ಹುಷಾರು, ತಮ್ಮಾ.'
ಬೇಕಂತಲೇ ತಡೆದನೋ, ಕೆಮ್ಮಿತ್ತೋ,
ಆ ಸಂದಿಯಲ್ಲಿ
ಫ್ರೆಂಚಿನ ಎರಡು ಪದ
ಬರಿಗಾಲಲ್ಲಿ ಹೊರಬಂದವು.

ನನಗೆ ಹದಿನಾರು. ಫ್ರೆಂಚು ಬಾರದು.
ಅಮ್ಮ ಆಲೂಗಡ್ಡೆ ಸುಲಿಯುತ್ತ
'ಅಣ್ಣತಮ್ಮ ಅಂದ್ರೆ ಹೀಗಿರಬೇಕು' ಅಂದಳು.
ಹೂಂ ಅಂದೆ.
ಕತ್ತಿನ ಬಳಿಯ ಗುಂಡಿ ಬಿಚ್ಚಿ
ನಾನೇ
ಮತ್ತೆ ಹಾಕಿಕೊಂಡೆ.