ಬಂಗುಡೆಯ ಕೆಂಪು ಪಟ್ಟಿ

ಅತ್ತಾವರದ ಆಸ್ಪತ್ರೆ, ಮೂರನೇ ಮಾಳಿಗೆ.
ಹಿಡಿತ ಅಳೆಯುವ ಯಂತ್ರ, ನೋಡಲಿಕ್ಕೆ
ಸ್ಕೂಟರಿನ ಬ್ರೇಕಿನ ಹಾಗೆ.
"ಪೂರ್ತಿ ಬೇಡ ಮೇಡಂ, ನಿಮ್ಮ ಬಲದ ಮೂರರಲ್ಲೊಂದು ಪಾಲು.
ಎರಡು ನಿಮಿಷ ಬಿಡಬಾರದು, ಅಷ್ಟೆ" ಎಂದಳು ಫೌಝಿಯಾ.

ಅಷ್ಟೆಯಾ?
ಹತ್ತೊಂಬತ್ತಕ್ಕೆ ಎಂಬತ್ತೈದು ಕಿಲೋ
ತಲೆಯ ಮೇಲೆ ನಿಲ್ಲಿಸಿದವಳು ನಾನು, ಹಿಲ್ಡಾ ಲೋಬೋ.
ಪದಕದ ಬೆಳ್ಳಿ ಹೋಗಿ ತಗಡು ಕಂಡರೂ
ಭುಜ ಇನ್ನೂ ಬ್ಲೌಸಿನ ಹೊಲಿಗೆ ಬಿಡಿಸುತ್ತದೆ.

ನಲವತ್ತನೇ ಸೆಕೆಂಡಿಗೆ ಬೆರಳು ಬಿಳಿಚಿದವು.
ಕಿವಿಯೊಳಗೆ ಯಾರೋ ಕದ ಬಡಿದರು.
ತೋಳಿನ ಪಟ್ಟಿ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು:
ನೂರ ಇಪ್ಪತ್ತಾರು ಇದ್ದದ್ದು
ನೂರ ತೊಂಬತ್ತೆರಡು.
"ಬಿಡಿ ಮೇಡಂ, ಬಿಡಿ."

ಪಕ್ಕದ ಕುರ್ಚಿಯಲ್ಲಿ ಬೆಂಗ್ರೆಯ ಗುಲಾಬಿಯಕ್ಕ,
ನನಗಿಂತ ಹತ್ತು ವರ್ಷ ಹಿರಿಯಳು, ಮುಷ್ಟಿಯಷ್ಟು ಹೆಂಗಸು.
ಅದೇ ಯಂತ್ರ, ಅವಳ ಬಲದ ಅದೇ ಪಾಲು.
ಎರಡು ನಿಮಿಷವೂ ಮೊಮ್ಮಗಳ ಜ್ವರದ ಕತೆ ಹೇಳಿದಳು.
ಕತೆ ಮುಗಿಯುವಾಗ ನೂರ ಮೂವತ್ತೆಂಟು.
"ಎಂತ, ಆಯ್ತಾ?"

ನನಗೆ ಹೊಟ್ಟೆಕಿಚ್ಚು. ಸುಳ್ಳೇಕೆ.

ಫೌಝಿಯಾ ಹಾಳೆಯ ಹಿಂಬದಿಗೆ ಗೆರೆ ಎಳೆದಳು.
ಸ್ನಾಯುವಿನಲ್ಲಿ ಎರಡು ಬಗೆಯ ಎಳೆ ಅಂತೆ.
ಒಂದು ಥಟ್ಟನೆ ಸೆಟೆಯುತ್ತದೆ, ಥಟ್ಟನೆ ದಣಿಯುತ್ತದೆ,
ಬಂದರಿನಲ್ಲಿ ಅವಳ ಅಜ್ಜನ ಗೋದಾಮಿನ ಹಾಗೆ:
ದೊಡ್ಡದು, ಬಾಗಿಲು ಕಡಿಮೆ.
ಇನ್ನೊಂದು ನಿಧಾನದ್ದು, ಸಪೂರ,
ಸುತ್ತ ನೆತ್ತರಿನ ಸಣ್ಣ ಸಣ್ಣ ತೋಡು.
ಮೊದಲನೆಯದು ಹೆಚ್ಚಿದ್ದರೆ, ದಣಿದ ಸ್ನಾಯು
ಬೇಗ ಮೇಲಕ್ಕೆ ದೂರು ಬರೆಯುತ್ತದೆ,
ಮೇಲಿನವರು ಹೆದರಿ ಒತ್ತಡ ಏರಿಸುತ್ತಾರೆ.
"ಹಾಗಂತ ಅದೊಂದೇ ಕಾರಣ ಅಲ್ಲ.
ನಿಮ್ಮದು ಯಾವುದೆಂದು ಖಂಡಿತ ಹೇಳಬೇಕಾದರೆ
ತೊಡೆಯಿಂದ ಸೂಜಿಯಲ್ಲಿ ಚೂರು ತೆಗೆಯಬೇಕು."

ಗುಲಾಬಿಯಕ್ಕ ನಕ್ಕಳು. "ಚೂರು ಯಾಕೆ ಮಾರಾಯ್ತಿ,
ಬಂಗುಡೆ ಕೊಯ್ದವರಿಗೆ ಗೊತ್ತಿಲ್ಲವಾ?
ಚರ್ಮದ ಅಡಿಯಲ್ಲಿ, ಪಕ್ಕೆಯುದ್ದಕ್ಕೆ ಒಂದು ಕಪ್ಪುಕೆಂಪು ಪಟ್ಟಿ ಉಂಟು.
ನೀವು ಕಹಿ ಅಂತ ಬಟ್ಟಲಿನ ಅಂಚಿಗೆ ತಳ್ಳುತ್ತೀರಲ್ಲ, ಅದು.
ಇಡೀ ದಿನ ಈಜುವುದು ಅದರಿಂದ.
ಬಿಳಿ ಮಾಂಸ ಇರುವುದು
ದೊಡ್ಡ ಮೀನು ಬಾಯಿ ತೆರೆದಾಗ
ಒಮ್ಮೆ ಹಾರಲಿಕ್ಕೆ."

ಹಾರಿದೆ ನಾನು. ಒಮ್ಮೆ.
ಉಸಿರು ಕಟ್ಟಿ, ಹಲ್ಲು ಕಚ್ಚಿ, ಮೂರು ಸೆಕೆಂಡು.
ಆ ಮೂರು ಸೆಕೆಂಡಿನ ಮೇಲೆ ರೈಲ್ವೆಯ ಕೆಲಸ, ಮದುವೆ,
ಗೋಡೆಯ ಫೋಟೋ.
ಆಗ ಎಷ್ಟಕ್ಕೆ ಏರಿತ್ತೋ, ಯಾರೂ ಅಳೆಯಲಿಲ್ಲ.

ಮರುದಿನ ಬೆಳಿಗ್ಗೆ ಸುಲ್ತಾನ್ ಬತ್ತೇರಿಯ ಕಡವಿನಲ್ಲಿ
ದೋಣಿಯಿಂದ ಇಳಿದ ಅವಳ ಬುಟ್ಟಿಯನ್ನು
ಒಂದೇ ಎಳೆತಕ್ಕೆ ಎತ್ತಿ ಸಿಂಬೆಯ ಮೇಲಿಟ್ಟೆ.
ಐಸಿನ ನೀರು ನನ್ನ ಮೊಣಕೈಯಿಂದ ಇಳಿಯಿತು.
ಎತ್ತಿದ್ದು ನಾನು.
ಉರ್ವದವರೆಗೆ ಹೊತ್ತದ್ದು ಅವಳು,
ಗೇಟು ಗೇಟಿನಲ್ಲಿ ನಿಂತು
ಮೊಮ್ಮಗಳ ಜ್ವರ ಇಳಿದ ಸುದ್ದಿ ಹೇಳುತ್ತ.
ಬೊಳೂರಿನ ಏರಿನಲ್ಲಿ ನಾನು ಹಿಂದೆ ಉಳಿದೆ,
ಮಣಿಕಟ್ಟಿನ ಮೇಲೆ ಬೆರಳಿಟ್ಟು ಎಣಿಸುತ್ತ,
ಎಣಿಕೆ ತಪ್ಪಿ, ಮತ್ತೆ ಒಂದರಿಂದ.

ಗುರುವಾರ ಮತ್ತೆ ಬರಬೇಕಂತೆ, ಕಾಫಿ ಕುಡಿಯದೆ.
ರಾತ್ರಿ ಗಸಿಯಲ್ಲಿ ಆ ಪಟ್ಟಿಯನ್ನು
ಅಂಚಿಗೆ ತಳ್ಳದೆ ತಿಂದೆ.
ಕಹಿ ಹೌದು.
ಸ್ವಲ್ಪ ಕಬ್ಬಿಣದ ರುಚಿ.