ಮ್ಯಾಚಿಂಗ್

ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ವರ್ಷ
ಅಮ್ಮ ದಾವಣಗೆರೆಗೆ ಹೋದವಳು ಆರು ತಿಂಗಳು ಅಲ್ಲೇ.
ಗಾಂಧಿ ಬಜಾರಿನ ಅಡ್ಡರಸ್ತೆಯಲ್ಲಿ ಅಪ್ಪನ ಅಂಗಡಿ;
ಅರ್ಧ ಶಿವಮೊಗ್ಗದ ತೋಳಿನಳತೆ ಬಾಯಿಪಾಠವಿದ್ದವನು
ಎಂಟನೇ ಕ್ಲಾಸಿನ ಮಗಳ ತಲೆಗೆ ಎಣ್ಣೆ ಎಷ್ಟೆಂದು ತಿಳಿಯದೆ
ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತಿದ್ದ.

ನನಗಾದರೂ ಏನು ಗೊತ್ತಿತ್ತು?
ಸಾಕ್ಸು ಒಗೆದ ಸೋಪಿನಲ್ಲೇ ಮುಖ.
ತಮ್ಮ ಪಂಢರಿಯ ಬ್ರಷ್ಷು ಯಾವುದು, ನನ್ನದು ಯಾವುದು,
ಒದ್ದೆಯಾಗಿದ್ದರೆ ಅವನದು ಎಂದು ಲೆಕ್ಕ.
ಮೊಡವೆಗೆ ಪೇಸ್ಟು ಮೆತ್ತು ಎಂದಳು ತಬಸ್ಸುಮ್;
ಕೆನ್ನೆ ಸುಟ್ಟು, ಮೂರು ದಿನ ಕೊನೆ ಬೆಂಚು.

ಭಾನುವಾರ. ಕರೆಂಟಿಲ್ಲ. ಅಪ್ಪ
ಚೂರುಬಟ್ಟೆಯ ಗೋಣಿಚೀಲ ನಡುಮನೆಗೆ ಸುರಿದು
ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದ:
"ಬಣ್ಣ ಆರಿಸು."

ನಮ್ಮ ಹಿರೀಕರು ಬಟ್ಟೆಗೆ ಬಣ್ಣ ಹಾಕುತ್ತಿದ್ದವರು.
ಮುತ್ತಜ್ಜನ ಉಗುರು ಸಾಯುವಾಗಲೂ ನೀಲಿಯಿತ್ತಂತೆ.
ಅಪ್ಪನ ಬಾಯಲ್ಲಿ ಹಸಿರೆಂದರೆ ಬರೀ ಹಸಿರಲ್ಲ,
ಗಿಣಿ, ಪಾಚಿ, ಬಾಳೆಸುಳಿ, ಬಾಟಲಿ.

ಮಾವಿನ ಚಿಗುರಿನ ಚೂರು ಬೆಳಗಿಗಾಯಿತು, ಬ್ರಷ್ಷು ಅದರೊಳಗೆ;
ಪಂಢರಿಯದಕ್ಕೂ ಅದೇ ಬಣ್ಣದ ದಾರ, ಜಗಳ ಬೇಡವೆಂದು ಎರಡು ಗಂಟು.
ನವಿಲುಗತ್ತಿನದು ಸ್ನಾನಕ್ಕೆ. "ಕಂಕುಳು, ಕಿವಿಯ ಹಿಂದೆ, ಬೆರಳ ಸಂದು.
ಹೊಲಿಗೆ ಬಿಟ್ಟುಹೋಗುವುದು ಯಾವಾಗಲೂ ಮೂಲೆಯಲ್ಲೇ" ಎಂದ.
ಕಾಫಿಪುಡಿ ಬಣ್ಣ ತಲೆಗೆ: ಶುಕ್ರವಾರ ಎಣ್ಣೆ, ಶನಿವಾರ ಸೀಗೆ,
ಬಾಚಣಿಗೆ ಯಾರಿಗೂ ಕೊಡುವಂತಿಲ್ಲ, ತಬಸ್ಸುಮಳಿಗೂ.
ಈರುಳ್ಳಿ ಸಿಪ್ಪೆಯದು ರಾತ್ರಿಗೆ. ಮುಖಕ್ಕೆ ತಣ್ಣೀರು,
ಮೆತ್ತಗೆ ಒತ್ತಲು ಮಲ್ಲಿನದೊಂದು ಚೌಕ, ಅಷ್ಟೇ. ಕ್ರೀಮು ಕೇಳಿದ್ದಕ್ಕೆ
"ಒಳ್ಳೆ ಬಟ್ಟೆಗೆ ಗಂಜಿ ಬೇಡ" ಎಂದು ಸುಮ್ಮನಾದ.
ಆಷಾಢದಲ್ಲಿ ಒಣಗದ ಒಳಬಟ್ಟೆಗೂ ಇಸ್ತ್ರಿ;
ಹಸಿಯದ್ದು ಮೈಗೆ ತಾಗಕೂಡದು.

ಲಾಡಿಯೂ ಮ್ಯಾಚಿಂಗೇ. ಬಾಗಿಲ ಹಿಂದೆ ಸಾಲು ಮೊಳೆ.
ನವಿಲುಗತ್ತಿನ ಪಕ್ಕ ಈರುಳ್ಳಿ ಬಣ್ಣ ಬಂದರೆ
ಅಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಕೊನೆಯದನ್ನು ನಾನು ಆರಿಸಲಿಲ್ಲ.
ದಾಳಿಂಬೆ ಕೆಂಪು, ಒಳಗೆ ಎರಡು ಪದರ ಲೈನಿಂಗು, ಬಾಯಿಗೆ ಪ್ರೆಸ್ ಬಟನ್ನು.
ಬಿಚ್ಚಿ ನೋಡಿದೆ: ಖಾಲಿ.
"ಇದೇನಕ್ಕೆ?"
"ಲೆಕ್ಕಕ್ಕೊಂದು ಹೆಚ್ಚಿಗೆ" ಎಂದು ಮಿಷನ್ನು ತುಳಿಯತೊಡಗಿದ.
ಸೂಜಿಯಲ್ಲಿ ದಾರವೇ ಇರಲಿಲ್ಲ.

ಗುರುವಾರ ಶಾಲೆ ಬಿಟ್ಟು ಅಂಗಡಿಗೆ ಹೋದರೆ
ಬ್ಲೌಸು ಒಯ್ಯಲು ಬಂದಿದ್ದ ಲವೀನಾ ಸಿಸ್ಟರು
ಟ್ರಯಲ್ ರೂಮಿನ ಪರದೆಯೊಳಗಿಂದ ಕರೆದರು.
ಮೂರಡಿ ಜಾಗ, ಒಂದು ಕನ್ನಡಿ, ನಾವಿಬ್ಬರು,
ಕೆಂಪು ಚೀಲ. ಈಗ ತುಂಬಿತ್ತು.
ವಾರ್ಡಿನಲ್ಲಿ ಮಾತ್ರೆ ವಿವರಿಸುವಷ್ಟೇ ನೆಟ್ಟಗೆ ಹೇಳಿದರು:
ಎಷ್ಟು ಹೊತ್ತಿಗೊಮ್ಮೆ ಬದಲಿಸಬೇಕು, ಹೇಗೆ ಸುತ್ತಿ ಎಸೆಯಬೇಕು,
ನೋವು ಬಂದರೆ ಯಾರನ್ನು ಕೇಳಬೇಕು.
ಹೊರಗೆ ಅಪ್ಪ ಎರಡು ಮಿಷನ್ನಿನ ಸದ್ದು ಒಂದರಲ್ಲೇ ಮಾಡುತ್ತಿದ್ದ.
ಆ ಬ್ಲೌಸಿಗೆ ಮಜೂರಿ ತೆಗೆದುಕೊಳ್ಳಲಿಲ್ಲ.

ಅದು ಬೇಕಾದದ್ದು ಕಾರ್ತೀಕದಲ್ಲಿ, ನಡುರಾತ್ರಿ.
ದೀಪ ಹಾಕಲಿಲ್ಲ. ಕತ್ತಲಲ್ಲಿ ಚೀಲಕ್ಕೆ ಬಣ್ಣವೆಲ್ಲಿ?
ಬೆರಳಿಗೆ ಬಟನ್ನು ಸಿಕ್ಕಿತು, ಟಕ್.
ಒಳಕೋಣೆಯಲ್ಲಿ ಅಪ್ಪನ ಗೊರಕೆ ಅಲ್ಲಿಗೆ ನಿಂತು
ಸ್ವಲ್ಪ ಹೊತ್ತು ಬಿಟ್ಟು, ತೀರಾ ಜೋರಾಗಿ, ಮತ್ತೆ ಶುರುವಾಯಿತು.

ಈ ವರ್ಷ ಪಂಢರಿಯ ಅಂಗಿ ಕಂಕುಳಲ್ಲಿ ನಾರತೊಡಗಿದೆ,
ಮೂಗಿನ ಕೆಳಗೆ ಪೆನ್ಸಿಲಿನ ಗೀಟು.
ಇಟ್ಟಿಗೆ ಬಣ್ಣದ ಚೂರೊಂದು ತೆಗೆದಿಟ್ಟಿದ್ದೇನೆ.
ಹೊಲಿಗೆ ನನ್ನದು ಸೊಟ್ಟ.
ಆದರೂ ದಾರ ಪೋಣಿಸಿದ್ದೇನೆ,
ಅವನನ್ನು ಎದುರಿಗೇ ಕೂರಿಸಿಕೊಂಡಿದ್ದೇನೆ.