ನಾಲ್ಕನೇ ಮಣೆ

ಮೊದಲನೆಯದು ಬರೀ ಹಲಗೆ,
ಮೇಲೆ ಆಟೋ ಸೀಟಿನ ಸ್ಪಂಜು, ಕೆಂಪು ರೆಕ್ಸಿನ್.
ಬಿ.ಎಂ. ರಸ್ತೆಯ ನನ್ನ ವೆಲ್ಡಿಂಗ್ ಶೆಡ್ಡಿನಿಂದ
ಸೈಕಲ್ ಕ್ಯಾರಿಯರಿನಲ್ಲಿ ಪಾರ್ಕಿಗೆ ಒಯ್ದು
ಚೆಂಡುಹೂವಿನ ಮಡಿಯ ಪಕ್ಕ ಇಟ್ಟೆ.
ದ್ಯಾವಮ್ಮ ಮಂಡಿಯೂರಿದಳು, ಹತ್ತು ನಿಮಿಷ ಕಳೆ ಕಿತ್ತಳು.
ಆಮೇಲೆ ಗುದ್ದಲಿ ಊರಿ, ಸೊಂಟ ಹಿಡಿದು, ಹೇಗೋ ಎದ್ದು,
"ಊರೋಕೆ ಭೂಮ್ತಾಯಿ ಇದ್ಲಲ್ಲಪ್ಪ ಇಲ್ಯಾಸು,
ಏಳೋಕೆ ಏನ್ ಮಾಡಿದ್ದೀಯ?"

ಏನೂ ಮಾಡಿರಲಿಲ್ಲ.

ಎರಡನೆಯದಕ್ಕೆ ಮುಕ್ಕಾಲಿಂಚಿನ ಪೈಪು ಬಗ್ಗಿಸಿ
ಎರಡೂ ಕಡೆ ಹಿಡಿ ಬೆಸೆದೆ,
ಟೇಪು ಹಿಡಿದು, ನನ್ನ ತೋಳಿನಳತೆಗೆ.
ಹಿಡಿದರೆ ಅವಳ ಮೊಣಕೈ ಕೋಳಿರೆಕ್ಕೆಯ ಹಾಗೆ ಮೇಲೆದ್ದವು.
"ಇದು ನಿಂಗೆ ಮಾಡ್ಕೊಂಡಿದ್ದೀಯ."
ಟೇಪು ಜೇಬಿಗಿಟ್ಟೆ. ಅವಳೇ ಅಳೆದಳು:
ಎರಡು ಗೇಣಿಗೆ ನಾಲ್ಕು ಬೆರಳು ಕಮ್ಮಿ.
ಸೀಮೆಸುಣ್ಣದಲ್ಲಿ ಪೈಪಿನ ಮೇಲೆ ಗೀಟು ಹಾಕಿಕೊಂಡೆ.

ಮೂರನೆಯದು ಸರಿಯಿತ್ತು, ನೀರು ಹಾಯಿಸುವ ತನಕ.
ಒದ್ದೆ ಮಣ್ಣಲ್ಲಿ ಒಂದು ಕಾಲು ಹೂತು
ಮಣೆ ವಾಲಿತು. ದ್ಯಾವಮ್ಮ ಸಾಲ್ವಿಯಾ ಮಡಿಯ ಮೇಲೆ.
ಬೈಯಲಿಲ್ಲ. ಮುರಿದ ಸಸಿ ಎಣಿಸಿದಳು,
ಒಂಬತ್ತು, ಗಟ್ಟಿಯಾಗಿ.

ಆ ರಾತ್ರಿ ಅಬ್ಬಾ
ಕುರ್ಚಿಯಲ್ಲಿ ಕೂತೇ ನಮಾಜು ಮುಗಿಸಿದರು.
ಹಣೆ ನೆಲ ಮುಟ್ಟಿ ಮೂರು ವರ್ಷ.
ಮಂಡಿ ನೀವಿಕೊಳ್ಳುತ್ತಾ ನನ್ನ ಕತೆ ಕೇಳಿ,
"ಕೆಸರಲ್ಲಿ ಜಾಕಿ ಕೊಡೋವಾಗ
ಅಡಿಗೆ ಹಲಗೆ ಇಡದೆ ಯಾವ ಕ್ಲೀನರ್ ಲಾರಿ ಎತ್ತುತ್ತಾನೆ?"
ಮೂವತ್ತು ವರ್ಷ ಶಿರಾಡಿ ಘಾಟಿ ಇಳಿದು ಹತ್ತಿದವರು.

ನಾಲ್ಕನೆಯದಕ್ಕೆ ಅಂಗೈಯಗಲ ತಗಡಿನ ಪಾದ.
ಸ್ಪಂಜು ಬಿಸಾಕಿ, ಲಾರಿ ಟ್ಯೂಬು ನಾಲ್ಕು ಮಡಿಕೆ,
ನೀರು ಕುಡಿಯದ್ದು.
ಅವಳು ಊರಿದಳು, ಕಿತ್ತಳು, ಎರಡೂ ಹಿಡಿ ಒತ್ತಿ
ಎದ್ದಳು.
"ಉಸ್ಸಪ್ಪಾ" ಅನ್ನಲಿಲ್ಲ. ನಾನು ಕಿವಿಗೊಟ್ಟೇ ನಿಂತಿದ್ದೆ.

ಆಮೇಲೆ ಮಣೆಯನ್ನು ಒಂದೇ ಕೈಲಿ ಎತ್ತಿ
ಪಕ್ಕದ ಮಡಿಗೆ ಮೂರು ಹೆಜ್ಜೆ ಹೋಗಿ, ಧೊಪ್ಪನೆ ಇಟ್ಟು,
"ದಿನಾ ನಲವತ್ತು ಮಡಿ. ಇದನ್ನ ಯಾರು ಹೊರ್ತಾರೆ,
ನಿಮ್ಮಪ್ಪನಾ?"

ಐದನೆಯದು ಅಲ್ಯೂಮಿನಿಯಂ. ಸಾಮಾನಿಗೆ ದುಡ್ಡು ಕೂಡಬೇಕು.
ನಾಲ್ಕನೆಯದು ಮನೆಯಲ್ಲಿದೆ, ಚಾಪೆಯ ಪಕ್ಕ.
ಇವತ್ತು ಬೆಳಗಿನ ಜಾವ ಅಬ್ಬಾ ಅದನ್ನು ಹಿಡಿದು
ಇಳಿದರು, ಇಷ್ಟಿಷ್ಟೇ.
ಏಳುವಾಗ ಅರ್ಧಕ್ಕೆ ನಿಂತರು. ಓಡಿಹೋದೆ.
ಕೈ ಅಡ್ಡ ಮಾಡಿದರು, ಬೇಡ ಅಂತ.
ಎದ್ದು, ಉಸಿರು ತಿರುಗಿದ ಮೇಲೆ ಹೇಳಿದ್ದಿಷ್ಟು:
"ಹಿಡಿ ಇನ್ನೂ ಎರಡು ಬೆರಳು
ಮೇಲಿರಬೇಕಿತ್ತು."